ನಮ್ಮ ಆಯಿಯ ಬಳ್ಳಿ ಮತ್ತು ಕೇಸರಿ ಪಾತರಗಿತ್ತಿ



ಈ ಸಲದ ಗೋಡೆ ಪತ್ರಿಕೆಗೆ ನಾನು ಒಂದು ಪಾತರಗಿತ್ತಿಯ ವಿಷಯ ಬರೆಯುತ್ತಿದ್ದೇನೆ. ಪುಸ್ತಕದಲ್ಲಿ ಚಿಟ್ಟೆ ಎಂದು ಇರುತ್ತದೆ. ಆದರೆ ನಮ್ಮ ಘೋಣಸಗಿಯಲ್ಲಿ ಯಾರೂ ಚಿಟ್ಟೆ ಅನ್ನುವುದಿಲ್ಲ, ಸಣ್ಣವರು ದೊಡ್ಡವರು ಎಲ್ಲರೂ ಪಾತರಗಿತ್ತಿ ಅಂತಲೇ ಅನ್ನುತ್ತಾರೆ. ಅದಕ್ಕೆ ನಾನೂ ಹಾಗೇ ಬರೆಯುತ್ತೇನೆ. ಪಾತರ ಅಂದರೆ ಹಿಂದಿನ ಕಾಲದಲ್ಲಿ ಕುಣಿಯುವವಳು ಎಂದು ಅರ್ಥ ಅಂತ ಕನ್ನಡ ಗುರುಗಳು ಹೇಳಿದ್ದಾರೆ.

ನೀವೆಲ್ಲರೂ ಇದನ್ನು ನೋಡಿಯೇ ಇದ್ದೀರಿ. ಮಳೆಗಾಲದಲ್ಲಿ ಹೊಲದ ಬದುವಿನ ಮೇಲೆ, ಶಾಲೆಯ ಕಂಪೌಂಡಿನ ಹುಲ್ಲಿನ ಮೇಲೆ, ನೆಲದಿಂದ ಒಂದು ಮೊಳ ಎರಡು ಮೊಳ ಎತ್ತರದಲ್ಲಿ ಸಾವಕಾಶ ಹಾರುತ್ತಿರುತ್ತದೆ. ಬಣ್ಣ ಕೇಸರಿ. ಇಟ್ಟಂಗಿಗೆ ನೀರು ಹಾಕಿದಾಗ ಬರುವ ಕೆಂಪು ಸ್ವಲ್ಪ ಕೂಡಿಸಿದ ಹಾಗೆ. ರೆಕ್ಕೆಯ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕಿ. ಹಿಂದಿನ ರೆಕ್ಕೆಗೆ ಸೀರೆಯ ದಡಿಯಂತೆ ಕಪ್ಪು ಅಂಚು ಇದೆ, ಆ ಅಂಚಿನಲ್ಲಿ ಸಾಲಾಗಿ ಬಿಳಿ ಚುಕ್ಕಿಗಳಿವೆ. ಮುಂದಿನ ರೆಕ್ಕೆ ಉದ್ದ ಮತ್ತು ಸಪೂರ. ಮೈ ಕಪ್ಪು, ಅದರ ಮೇಲೂ ಬಿಳಿ ಹಳದಿ ಚುಕ್ಕಿ. ರೆಕ್ಕೆ ಬಿಚ್ಚಿದಾಗ ಈ ತುದಿಯಿಂದ ಆ ತುದಿಗೆ ಐದೂವರೆ ಆರು ಸೆಂಟಿಮೀಟರ್ ಆಗುತ್ತದೆ. ಹೆಣ್ಣಿನ ಬಣ್ಣ ಸ್ವಲ್ಪ ಮಾಸಿದಂತೆ ಇರುತ್ತದೆ, ಗಂಡು ಹೆಚ್ಚು ಕೆಂಪು. ಪಕ್ಕದಲ್ಲಿ ಇರುವ ಚಿತ್ರ ನಾನೇ ಬಿಡಿಸಿದ್ದು. ಕೇಸರಿ ಸ್ಕೆಚ್ ಪೆನ್ ಮುಗಿದಿತ್ತು, ಆದ್ದರಿಂದ ಅರಿಶಿಣದಲ್ಲಿ ಕುಂಕುಮ ಕಲಸಿ ಹಚ್ಚಿದ್ದೇನೆ. ದಯವಿಟ್ಟು ಯಾರೂ ಕೈ ಹಚ್ಚಬೇಡಿ, ಬಣ್ಣ ಉದುರುತ್ತದೆ.

ಎಕ್ಕಿ ಗಿಡದ ಹತ್ತಿರ ಹಾರುವ ದೊಡ್ಡ ಕೇಸರಿ ಪಾತರಗಿತ್ತಿ ಬೇರೆ. ಅದರ ಮುಂದಿನ ರೆಕ್ಕೆಯ ತುದಿ ಕಪ್ಪಾಗಿ, ಅದರೊಳಗೆ ಬಿಳಿ ಪಟ್ಟಿ ಇರುತ್ತದೆ. ಬಹಳ ಜನ ಎರಡೂ ಒಂದೇ ಅಂತ ತಿಳಿದಿದ್ದಾರೆ.

ನಮ್ಮ ಪಾತರಗಿತ್ತಿಗೆ ಇಂಗ್ಲಿಷಿನಲ್ಲಿ ಟಾನಿ ಕೋಸ್ಟರ್ ಎನ್ನುತ್ತಾರೆ. ವಿಜ್ಞಾನದ ಹೆಸರು ಅಕ್ರಿಯಾ ಟರ್ಪ್ಸಿಕೋರೆ. 1758ರಲ್ಲಿ ಸ್ವೀಡನ್ ದೇಶದ ಲಿನಿಯಸ್ ಎಂಬ ವಿಜ್ಞಾನಿ ಟರ್ಪ್ಸಿಕೋರೆ ಎಂದು ಹೆಸರಿಟ್ಟನು. ಆ ಹೆಸರು ಗ್ರೀಕರ ಒಬ್ಬ ದೇವತೆಯದು. ಏನು ದೇವತೆ ಗೊತ್ತೇ? ಕುಣಿತದ ದೇವತೆ! ಸ್ವೀಡನ್ನಿನ ಲಿನಿಯಸ್ ನಮ್ಮ ಕಡೆ ಬಂದವನಲ್ಲ, ನಮ್ಮ ಊರಿನ ಹಿರಿಯರು ಲಿನಿಯಸ್ಸನ ಹೆಸರು ಕೇಳಿದವರಲ್ಲ. ಆದರೂ ಇಬ್ಬರೂ ಕುಣಿಯುವವಳು ಅಂತಲೇ ಹೆಸರು ಇಟ್ಟಿದ್ದಾರೆ. ವಿಜ್ಞಾನ ಅಕ್ಕೋರು ಇದನ್ನು ಹೇಳಿದ ದಿನ ನನಗೆ ರಾತ್ರಿ ಊಟ ಮಾಡುವಾಗಲೂ ಇದೇ ನೆನಪು.

ಯುರೋಪಿನಲ್ಲಿ ಕೇಸರಿ ಮೈಗೆ ಕಪ್ಪು ಚುಕ್ಕಿ ಇರುವ ಪಾತರಗಿತ್ತಿಗಳ ಒಂದು ದೊಡ್ಡ ಬಳಗವೇ ಇದೆ, ಅವಕ್ಕೆ ಫ್ರಿಟಿಲರಿ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಫ್ರಿಟಿಲಸ್ ಅಂದರೆ ಪಗಡೆಯ ದಾಳ ಹಾಕಿ ಅಲುಗಾಡಿಸುವ ಡಬ್ಬಿ. ನಮ್ಮದು ಆ ಬಳಗಕ್ಕೆ ಸಂಬಂಧಿಕ. ಅಂದರೆ ದೂರದ ಬೀಗರು ಇದ್ದಂತೆ.

ಇನ್ನು ನಮ್ಮ ಮನೆಯ ಸಂಗತಿಗೆ ಬರುತ್ತೇನೆ.

ನಮ್ಮ ಮನೆಯ ಬಾಗಿಲ ಮುಂದಿನ ಚಪ್ಪರಕ್ಕೆ ಒಂದು ಕೃಷ್ಣಕಮಲದ ಬಳ್ಳಿ ಹಬ್ಬಿದೆ. ಆಯಿ ಅದರ ತುಂಡನ್ನು ಜತ್ತ ತಾಲೂಕಿನ ತನ್ನ ತವರುಮನೆಯಿಂದ ಹಸಿ ಅರಿವೆಯಲ್ಲಿ ಸುತ್ತಿಕೊಂಡು ತಂದು ಹಚ್ಚಿದ್ದಳು. ಅದರ ಹೂವಿಗೆ ಕೌರವ ಪಾಂಡವ ಹೂವು ಅಂತಲೂ ಕರೆಯುತ್ತಾರೆ. ಸುತ್ತಲೂ ನೂರಾರು ನೀಲಿ ಎಳೆ ಇರುತ್ತವೆ, ಅವು ಕೌರವರು. ಒಳಗೆ ಐದು ಇರುತ್ತವೆ, ಅವರು ಪಾಂಡವರು. ಮೇಲಿನ ಮೂರು ಬ್ರಹ್ಮ ವಿಷ್ಣು ಮಹೇಶ್ವರ. ಶ್ರಾವಣ ಸೋಮವಾರ ಆಯಿ ಈ ಹೂವನ್ನೇ ಲಿಂಗಕ್ಕೆ ಏರಿಸುತ್ತಾಳೆ. ಬೇರೆ ಹೂವು ಎಷ್ಟು ಇದ್ದರೂ ಅವಳಿಗೆ ಇದು ಬೇಕೇ ಬೇಕು. ಬಳ್ಳಿಯ ಇನ್ನೊಂದು ಕವಲು ಪಕ್ಕದ ಪತ್ರಾಸಿನ ಮೇಲೆ ಹೋಗಿದೆ. ಆ ಪತ್ರಾಸಿನ ಕೆಳಗೆ ನಮ್ಮ ಎಮ್ಮೆ ಕಟ್ಟುತ್ತೇವೆ.

ಈ ವರ್ಷ ನಾಗರ ಅಮವಾಸೆಗೆ ಇನ್ನೂ ಆರು ದಿನ ಇರುವಾಗ ಒಂದು ಕೇಸರಿ ಪಾತರಗಿತ್ತಿ ಪತ್ರಾಸಿನ ಕಡೆಯ ಎಲೆಯನ್ನು ಹಿಡಿದು ಬಹಳ ಹೊತ್ತು ಕೂತಿತ್ತು. ಇದು ಹೂವಿಗೆ ಬಂದಿಲ್ಲ, ಎಲೆಗೆ ಯಾಕೆ ಬಂದಿದೆ ಎಂದು ನೋಡಿದೆ. ಹಾರಿ ಹೋದ ಮೇಲೆ ಎಲೆ ತಿರುವಿ ನೋಡಿದರೆ ಹಳದಿ ಮೊಟ್ಟೆಗಳು, ರಾಜಗಿರಿ ಕಾಳಿನಷ್ಟು ಸಣ್ಣವು, ಒತ್ತೊತ್ತಾಗಿ ಅಂಟಿಸಿದ್ದವು. ಎಣಿಸಿದೆ, 46 ಇದ್ದವು. ಆಮೇಲೆ ಬೇರೆ ಬೇರೆ ಹೆಣ್ಣುಗಳು ಬಂದು ಇನ್ನೂ ನಾಲ್ಕೈದು ಕಡೆ ಇಟ್ಟು ಹೋದವು.

ನಾಲ್ಕನೇ ದಿನ ಮೊಟ್ಟೆ ಒಡೆದು ಮರಿಹುಳ ಬಂದವು. ಮೊದಲು ಎಲ್ಲವೂ ಒಂದೇ ಎಲೆಯ ಮೇಲೆ ಪಂಕ್ತಿ ಊಟಕ್ಕೆ ಕೂತಂತೆ ಕೂತು ತಿಂದವು. ದೊಡ್ಡವಾದ ಹಾಗೆ ಬೇರೆ ಬೇರೆ ಆದವು. ಮೈ ಕೆಂಪು ಕಂದು, ಎಣ್ಣೆ ಹಚ್ಚಿದಂತೆ ಮಿಂಚುತ್ತದೆ. ಮೈ ತುಂಬ ಕವಲು ಒಡೆದ ಮುಳ್ಳು. ನೋಡಿದರೆ ಅಂಜಿಕೆ ಬರುತ್ತದೆ. ನಮ್ಮ ಅವ್ವ ಮುಟ್ಟಬ್ಯಾಡ, ಮೈ ತುರಿಸತೈತಿ ಅಂದಳು. ಆದರೆ ಇದು ತುರಿಸುವ ಕಂಬಳಿಹುಳ ಅಲ್ಲ, ಇದರ ಮುಳ್ಳು ಚುಚ್ಚುವುದಿಲ್ಲ. ನಾನು ಅಂಗೈ ಮೇಲೆ ಬಿಟ್ಟುಕೊಂಡಿದ್ದೇನೆ. ಬೇರೆ ಕಂಬಳಿಹುಳ ಮಾತ್ರ ಹೀಗೆ ಹಿಡಿಯಬೇಡಿ.

ಪಂಚಮಿ ಹಬ್ಬದಲ್ಲಿ ಎಲ್ಲರೂ ಜೋಕಾಲಿ, ಉಂಡಿ ಎಂದು ಗದ್ದಲದಲ್ಲಿ ಇದ್ದರು, ಯಾರೂ ಬಳ್ಳಿ ನೋಡಲಿಲ್ಲ. ಅದಾಗಿ ಮೂರ್ನಾಲ್ಕು ದಿನಕ್ಕೆ ಆಯಿ ಹೂವು ಹರಿಯಲು ಹೋದಳು. ಪತ್ರಾಸಿನ ಕಡೆ ಎಲೆಯ ನರ ಅಷ್ಟೇ ಉಳಿದಿದ್ದವು.

“ಅಯ್ಯ ಶಿವನ! ನನ್ನ ಬಳ್ಳಿ ಬೋಳ ಮಾಡ್ಯಾವಲ್ಲಾ ಈ ಹುಳಾ. ಸ್ವಾಮಾರ ದೇವ್ರಿಗೆ ಏನ ಏರಸ್ಲಿ?” ಎಂದು ಒದರಿದಳು.

ನಮ್ಮ ಅಪ್ಪ ದ್ರಾಕ್ಷಿ ಪಡಕ್ಕೆ ಎಣ್ಣಿ ಹೊಡೆಯುವ ಕೆಲಸಕ್ಕೆ ಹೋಗುತ್ತಾನೆ. ನಮ್ಮ ತಿಕೋಟಾ ಭಾಗದಲ್ಲಿ ದ್ರಾಕ್ಷಿ ಪಡ ಬಹಳ ಇವೆ ಎಂದು ನಿಮಗೆ ಹೇಳಬೇಕಾಗಿಲ್ಲ. ಅಪ್ಪ ಆಯಿಗೆ, “ಎವ್ವಾ, ಚಿಂತಿ ಮಾಡಬ್ಯಾಡ. ಐತವಾರ ಪಂಪ ತರ್ತೀನಿ, ಒಂದ ಸಲ ಹೊಡದ್ರ ಒಂದೂ ಉಳಿಯೂದಿಲ್ಲ” ಎಂದನು.

ನನಗೆ ಎದೆ ಧಸಕ್ ಅಂದಿತು. ಐತವಾರಕ್ಕೆ ಮೂರೇ ದಿನ ಇತ್ತು. ಹುಳ ಕೋಶ ಕಟ್ಟಲು ಇನ್ನೂ ಐದಾರು ದಿನ ಬೇಕಿತ್ತು.

ಮಾರನೇ ದಿನ ಶಾಲೆಯಲ್ಲಿ ಅಕ್ಕೋರನ್ನು ಕೇಳಿದೆ. ಅವರು ಬಹಳ ಸಂಗತಿ ಹೇಳಿದರು. ಕೃಷ್ಣಕಮಲದ ಜಾತಿಯ ಗಿಡಗಳ ಎಲೆ ಹಿಸುಕಿದರೆ ಅದರಿಂದ ಸ್ವಲ್ಪ ಸ್ವಲ್ಪ ಸಯನೈಡ್ ಎಂಬ ವಿಷ ಹುಟ್ಟುತ್ತದೆಯಂತೆ. ಬೇರೆ ಹುಳುಗಳು ತಿನ್ನಬಾರದು ಎಂದು ಗಿಡ ಮಾಡಿಕೊಂಡ ಉಪಾಯ ಅದು. ಆದರೆ ಈ ಹುಳಕ್ಕೆ ಅದು ತಾಗುವುದಿಲ್ಲ. ಈ ಗುಂಪಿನ ಪಾತರಗಿತ್ತಿಗಳ ಮೈಯಲ್ಲಿಯೂ ಅಂಥದೇ ಕಹಿ ವಿಷ ಇರುತ್ತದೆ, ಅದನ್ನು ಅವು ತಾವೇ ಮೈಯೊಳಗೆ ತಯಾರು ಮಾಡಿಕೊಳ್ಳಬಲ್ಲವು. ಅದಕ್ಕೇ ಈ ಪಾತರಗಿತ್ತಿಗೆ ಅವಸರ ಇಲ್ಲ. ಬೇರೆ ಪಾತರಗಿತ್ತಿಗಳು ನೆರಳು ಬಿದ್ದರೆ ಸಾಕು ಪುರ್ರ್ ಎಂದು ಓಡುತ್ತವೆ. ಇದು ಓಡುವುದಿಲ್ಲ. ಕೈಯಲ್ಲಿ ಹಿಡಿದರೆ ಸತ್ತಂತೆ ನಟಿಸಿ ಬಿದ್ದುಕೊಳ್ಳುತ್ತದೆ, ಮೈಯಿಂದ ಹಳದಿ ರಸ ಬಿಡುತ್ತದೆ, ಅದಕ್ಕೆ ಕೆಟ್ಟ ವಾಸನೆ. ಬಿಟ್ಟರೆ ಎದ್ದು ಮತ್ತೆ ಹಾರುತ್ತದೆ. ರೆಕ್ಕೆ ತೊಗಲಿನ ಹಾಗೆ ಗಟ್ಟಿ.

ನಾನೇ ಒಮ್ಮೆ ಕಣ್ಣಾರೆ ಕಂಡಿದ್ದೇನೆ. ನಮ್ಮ ಕಟ್ಟೆಯ ಮೇಲೆ ಒಂದು ಓತಿಕ್ಯಾತ ಇದನ್ನು ಗಪ್ಪನೆ ಬಾಯಲ್ಲಿ ಹಿಡಿಯಿತು. ಎರಡು ಸಲ ಬಾಯಿ ಆಡಿಸಿ ಉಗುಳಿಬಿಟ್ಟಿತು. ಆಮೇಲೆ ಬಾಯಿಯನ್ನು ಕಲ್ಲಿಗೆ ತಿಕ್ಕಿತು. ಬೇವಿನ ಎಣ್ಣೆ ಕುಡಿದ ಹುಡುಗರ ಮುಖ ಹೇಗಿರುತ್ತದೆ, ಹಾಗಿತ್ತು ಅದರ ಮುಖ. ಪಾತರಗಿತ್ತಿಯ ರೆಕ್ಕೆಗೆ ಒಂದು ಸೀಳು ಬಿದ್ದಿತ್ತು, ಅಷ್ಟೇ. ಒಂದು ಸಲ ಹೀಗೆ ಆದ ಹಕ್ಕಿ, ಹಲ್ಲಿ ಕೇಸರಿ ಬಣ್ಣ ಕಂಡರೆ ಮುಂದೆ ದೂರ ಇರುತ್ತವೆ. ಎಕ್ಕಿ ಗಿಡದ ಪಾತರಗಿತ್ತಿಯೂ ಕಹಿಯೇ.

ಇದನ್ನೆಲ್ಲ ಮನೆಯಲ್ಲಿ ಹೇಳಿದೆ. ಆಯಿ ಕೇಳಿದಳು, ಆದರೆ ಒಪ್ಪಲಿಲ್ಲ.

ನಾನು, “ಆಯಿ, ಅವು ಎಲಿ ಅಷ್ಟ ತಿಂತಾವ. ಬೇರಿಗೆ ಏನೂ ಆಗೂದಿಲ್ಲ, ಮತ್ತ ಚಿಗರತೈತಿ” ಅಂದೆ.

“ಎಲಿ ಹ್ವಾದ ಮ್ಯಾಲ ಹೂವ ಎಲ್ಲಿಂದ ಬರತೈತಿ, ಹಣಮಪ್ಪನ ಗುಡ್ಯಾಗಿಂದ?” ಎಂದಳು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಆದರೆ ಅವಳ ಮಾತೂ ಸುಳ್ಳಲ್ಲ, ಎಲೆ ಇಲ್ಲದಿದ್ದರೆ ಗಿಡ ಆಹಾರ ತಯಾರಿಸುವುದು ಹೇಗೆ ಎಂದು ನಾವೇ ಪಾಠದಲ್ಲಿ ಓದಿದ್ದೇವೆ.

ಐತವಾರ ಅಪ್ಪ ಖರೇನೇ ಬೆನ್ನಿನ ಪಂಪು ತಂದನು. ನಾನು ಎರಡು ರಾತ್ರಿ ವಿಚಾರ ಮಾಡಿ ಒಂದು ಮಾತು ತೆಗೆದಿಟ್ಟಿದ್ದೆ. ಪಾತರಗಿತ್ತಿಯ ವಿಷಯ ಎತ್ತಲೇ ಇಲ್ಲ.

“ಅಪ್ಪಾ, ಎಣ್ಣಿ ಪತ್ರಾಸ ಮ್ಯಾಲಿಂದ ಕೆಳಗ ಸೋರತೈತಿ. ಎಮ್ಮಿ ಅಲ್ಲೇ ಮೇವ ತಿಂತೈತಿ. ಗಬ್ಬ ಐತಿ ಅದು” ಎಂದೆ.

ಅಪ್ಪ ಪಂಪಿನ ಪಟ್ಟಿ ಹಾಕಿಕೊಳ್ಳುತ್ತಿದ್ದವನು ನಿಂತನು. ಮೇಲೆ ನೋಡಿದ, ಎಮ್ಮೆಯ ಕಡೆ ನೋಡಿದ. “ಅದು ಖರೆ” ಎಂದನು. ಎಣ್ಣಿ ಹೊಡೆದು ಬಂದ ದಿನ ಅಪ್ಪ ಅರಿವೆಯನ್ನು ಹೊರಗೇ ಕಳೆದು, ಸೋಪು ಹಚ್ಚಿ ಜಳಕ ಮಾಡಿಯೇ ಒಳಗೆ ಬರುತ್ತಾನೆ. ಅದು ಎಂಥ ವಿಷ ಎಂದು ನಮ್ಮೆಲ್ಲರಿಗಿಂತ ಅವನಿಗೆ ಹೆಚ್ಚು ಗೊತ್ತು. “ದೇವ್ರಿಗೆ ಏರಸೂ ಹೂವಿನ ಮ್ಯಾಲೂ ಬೀಳತೈತಿ ಎವ್ವಾ” ಎಂದು ಆಯಿಗೂ ಹೇಳಿದ. ಆಯಿ ಸುಮ್ಮನಾದಳು.

ಆಮೇಲೆ ಆಯಿಯೇ ವಾಟಣಿ ಮಾಡಿದಳು. ಪತ್ರಾಸಿನ ಕಡೆಯದು ಹುಳಕ್ಕೆ. ಬಾಗಿಲ ಕಡೆಯದು ದೇವರಿಗೆ. ದೇವರ ಕಡೆ ಒಂದು ಹುಳ ಕಂಡರೂ ನಾನೇ ಆರಿಸಿ ಈ ಕಡೆ ತಂದು ಬಿಡಬೇಕು, ಇಲ್ಲದಿದ್ದರೆ ಅವಳು ಕಸಬರಿಗೆಯಿಂದ ಬಡಿಯುತ್ತಾಳೆ. ನಾನು ಹೂಂ ಅಂದೆ. ದಿನಾ ಮುಂಜಾನೆ ಕೊಡ ತುಂಬುವ ಮೊದಲು ನನಗೆ ಇದೇ ಕೆಲಸ. ಒಂದು ದಿನ 37 ಹುಳ ಆರಿಸಿದ್ದೇನೆ. ಹುಳಕ್ಕೆ ವಾಟಣಿ ತಿಳಿಯುತ್ತದೆಯೇ? ಸಂಜೆಗೆ ಮತ್ತೆ ದೇವರ ಕಡೆ ಹೋಗಿರುತ್ತಿದ್ದವು. ಎರಡನೇ ಸೋಮವಾರ ಎರಡೇ ಹೂವು ಸಿಕ್ಕವು. ಆಯಿ ಏನೂ ಅನ್ನಲಿಲ್ಲ, ಬರೇ ನನ್ನ ಕಡೆ ನೋಡಿದಳು. ಅಂದರೆ ಬೈದಂತೆಯೇ.

ಹುಳ ಹುಟ್ಟಿ ಹದಿನೈದು ದಿನಕ್ಕೆ ಒಂದೊಂದೇ ತಿನ್ನುವುದು ಬಿಟ್ಟು ಚಪ್ಪರದ ಬೊಂಬು, ಗೋಡೆ, ಎಮ್ಮೆಯ ಗೂಟದ ಹಗ್ಗ ಎಲ್ಲೆಂದರಲ್ಲಿ ಹತ್ತಿ ಬಾಲದಿಂದ ತಲೆಕೆಳಗಾಗಿ ಜೋತುಬಿದ್ದವು. ಮರುದಿನಕ್ಕೆ ಮುಳ್ಳಿನ ತೊಗಲು ಕಳಚಿ ಕೋಶ ಆದವು. ಕೋಶ ಬಹಳ ಚಂದ. ಬಿಳಿ ಮೈಗೆ ಕಪ್ಪು ಗೆರೆ, ಗೆರೆಯಲ್ಲಿ ಕೇಸರಿ ಬೊಟ್ಟು. ನನಗೆ ಕೈಗೆ ಎಟಕುವ 23 ಕೋಶಗಳ ಲೆಕ್ಕ ಇಟ್ಟೆ. ಆರನೇ ದಿನ ಮುಂಜಾನೆ ಮೊದಲನೆಯದು ಒಡೆಯಿತು. ಹೊರಗೆ ಬಂದಾಗ ರೆಕ್ಕೆ ಒದ್ದೆ ಅರಿವೆ ಹಿಂಡಿಟ್ಟಂತೆ ಮುದುಡಿರುತ್ತದೆ. ಮೆಲ್ಲಗೆ ಹಿಗ್ಗಿ ಸರಿಯಾಗುತ್ತದೆ. ಆಗ ಅದರಿಂದ ಒಂದು ಹನಿ ಕೆಂಪು ನೀರು ಬೀಳುತ್ತದೆ. ಕಟ್ಟೆಯ ಮೇಲೆ ಅದನ್ನು ನೋಡಿ ಆಯಿ, “ರಗತ ಬಂತಲ್ಲ, ಯಾರಿಗೆ ಏನಾತು?” ಎಂದು ಗಾಬರಿಯಾದಳು. ರಕ್ತ ಅಲ್ಲ, ಕೋಶದೊಳಗೆ ಉಳಿದ ಹೊಲಸನ್ನು ಅದು ಹೊರಗೆ ಹಾಕುತ್ತದೆ ಎಂದು ಹೇಳಿದೆ. ಆಯಿ ಅಲ್ಲೇ ಕೂತು ಅದು ಹಾರುವ ತನಕ ನೋಡಿದಳು. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು. ಬೈಗಳು ನನಗೆ ಬಿದ್ದವು!

23ರಲ್ಲಿ 16 ಹಾರಿದವು. ನಾಲ್ಕು ಕೋಶ ಕಪ್ಪಾದವು, ಅವುಗಳೊಳಗಿಂದ ಪಾತರಗಿತ್ತಿಯ ಬದಲು ಸೊಳ್ಳೆಗಿಂತ ಸಣ್ಣ ಕಣಜಗಳು ಬಂದವು. ಅವು ಕೋಶದೊಳಗೆ ಮೊಟ್ಟೆ ಇಟ್ಟು ಅದನ್ನೇ ತಿಂದು ಬೆಳೆಯುತ್ತವಂತೆ. ಮೂರು ಎಲ್ಲಿ ಹೋದವು ತಿಳಿಯಲಿಲ್ಲ, ಇರುವೆಗಳ ಮೇಲೆ ನನಗೆ ಸಂಶಯ. ಅಂದರೆ ಎಷ್ಟು ಕಹಿ ಇದ್ದರೂ ಇದಕ್ಕೂ ವೈರಿಗಳು ಇದ್ದೇ ಇದ್ದಾರೆ.

ಒಂದು ಮಾತು ಮಾತ್ರ ಆಯಿ ಇನ್ನೂ ನಂಬಿಲ್ಲ. ಕೃಷ್ಣಕಮಲದ ಜಾತಿಯ ಮೂಲ ನಾಡು ಅಮೇರಿಕ ಖಂಡ. ಕೌರವರು ಪಾಂಡವರು ಇರುವ ಹೂವು ಅಮೇರಿಕದ್ದು ಅಂದರೆ ಹೇಗೆ, ನನ್ನ ತವರುಮನೆಯದು ಎನ್ನುತ್ತಾಳೆ. ಹಾಗಾದರೆ ಈ ಬಳ್ಳಿ ನಮ್ಮ ದೇಶಕ್ಕೆ ಬರುವ ಮೊದಲು ನಮ್ಮ ಪಾತರಗಿತ್ತಿಯ ಹುಳ ಏನು ತಿನ್ನುತ್ತಿತ್ತು? ಇದಕ್ಕೂ ಅಕ್ಕೋರು ಉತ್ತರ ಹೇಳಿದರು. ರತ್ನಪುರುಷ ಎಂಬ ಸಣ್ಣ ಗಿಡ ಇದೆ. ಗೇಣುದ್ದ ಇರುತ್ತದೆ, ಗುಲಾಬಿ ನೇರಳೆ ಹೂವು, ಒಂದೇ ಒಂದು ಎಸಳು ದೊಡ್ಡದಾಗಿ ನಾಲಿಗೆಯಂತೆ ಕೆಳಗೆ ಇಳಿಬಿದ್ದಿರುತ್ತದೆ. ಮುತ್ಯಾಗಳು ಔಷಧಕ್ಕೆ ಕಿತ್ತು ತರುತ್ತಿದ್ದರಂತೆ. ಈ ಹುಳ ಅದನ್ನೂ ತಿನ್ನುತ್ತದೆ. ಯುರೋಪಿನ ಫ್ರಿಟಿಲರಿಗಳ ಹುಳ ಹೆಚ್ಚಾಗಿ ತಿನ್ನುವುದು ವಯೋಲಾ ಎಂಬ ಗಿಡವನ್ನು, ರತ್ನಪುರುಷವೂ ಆ ವಯೋಲಾದ ಕುಟುಂಬದ್ದೇ. ಬೀಗರ ಊಟವೂ ಒಂದೇ ಆಯಿತಲ್ಲ!

ನಾನು ಹುಡುಕಿದೆ. ಉತ್ತು ಬಿತ್ತಿದ ಹೊಲದಲ್ಲಿ ಒಂದೂ ಸಿಗಲಿಲ್ಲ, ಕಸ ಎಂದು ತೆಗೆದುಬಿಟ್ಟಿರುತ್ತಾರೆ, ಈಗೀಗ ಕಸಕ್ಕೂ ಎಣ್ಣಿ ಬಂದಿದೆ. ತೊಗರಿ ಹೊಲದ ಒಂದು ಹಳೇ ಬದುವಿನ ಕಲ್ಲುಗಳ ನಡುವೆ ಏಳು ಗಿಡ ಸಿಕ್ಕವು. ಅದರಲ್ಲಿ ಎರಡರ ಮೇಲೆ ಹುಳ ಇದ್ದವು.

ಈ ಸಾವಕಾಶ ಹಾರುವ ಪಾತರಗಿತ್ತಿ ಎಲ್ಲಿ ತನಕ ಹೋಗಿದೆ ಕೇಳಿ. ಮೊದಲು ಇದು ಭಾರತ, ಶ್ರೀಲಂಕಾ ಕಡೆಯದು. 1984ರಲ್ಲಿ ಥಾಯ್ಲೆಂಡಿನಲ್ಲಿ ಕಂಡಿತು. 1992ರಲ್ಲಿ ಮಲೇಷ್ಯಾ. 2006ರಲ್ಲಿ ಸಿಂಗಾಪುರ. ಆಮೇಲೆ ಇಂಡೋನೇಷ್ಯಾದ ನಡುಗಡ್ಡೆಗಳನ್ನು ಒಂದೊಂದೇ ದಾಟಿ 2012ರ ಏಪ್ರಿಲ್ ತಿಂಗಳಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ ಊರಿನ ಹತ್ತಿರ ಕಾಣಿಸಿತು. ಥಾಯ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ 28 ವರ್ಷ! ಕಾಡು ಕಡಿದ ಬಯಲಿನಲ್ಲಿ ಕೃಷ್ಣಕಮಲದ ಜಾತಿಯ ಕಾಡುಬಳ್ಳಿ ಹಬ್ಬಿತ್ತು, ಅದನ್ನು ಹಿಡಿದು ಹೋಗಿದೆ. ಆಸ್ಟ್ರೇಲಿಯಾದಲ್ಲಿ ರತ್ನಪುರುಷವೂ ಇದೆಯಂತೆ. ಎಮ್ಮೆಯ ಗೂಟಕ್ಕೆ ಜೋತುಬಿದ್ದ ಕೋಶ ನೋಡುವಾಗ ಇದರ ಬಳಗ ಸಮುದ್ರ ದಾಟಿದೆ ಎಂದು ನೆನಸಿಕೊಂಡರೆ ಮೈ ಜುಂ ಅನ್ನುತ್ತದೆ. ನಾನಂತೂ ಇನ್ನೂ ವಿಜಯಪುರದ ಆಚೆ ಹೋಗಿಲ್ಲ.

ಗಣಪತಿ ಹಬ್ಬದ ಹೊತ್ತಿಗೆ ಪತ್ರಾಸಿನ ಕಡೆಯ ಬಳ್ಳಿ ಪೂರ್ತಿ ಚಿಗುರಿತು, ಮೊದಲಿಗಿಂತ ದಟ್ಟ. ಹಬ್ಬದ ದಿನ ಬಾಗಿಲ ಕಡೆ 9 ಹೂವು ಇದ್ದವು. ನಮ್ಮ ಅಪ್ಪ ಪಂಪನ್ನು ಮನೆಗೆ ತರುವುದನ್ನು ಬಿಟ್ಟಿದ್ದಾನೆ, ಪಡದಲ್ಲಿಯೇ ಇಟ್ಟು ಬರುತ್ತಾನೆ. ಎಮ್ಮೆ ಇನ್ನೂ ಈದಿಲ್ಲ.

ನಿನ್ನೆ ಒಂದು ಹೆಣ್ಣು ಮತ್ತೆ ಬಂದು ಮೊಟ್ಟೆ ಇಟ್ಟಿದೆ. ಈ ಸಲ ದೇವರ ಕಡೆಗೇ ಇಟ್ಟಿದೆ. ಆಯಿಗೆ ನಾನು ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ. ಅವಳಿಗೆ ಓದಲು ಬರುವುದಿಲ್ಲವಾದ್ದರಿಂದ ಇಲ್ಲಿ ಧೈರ್ಯವಾಗಿ ಬರೆದಿದ್ದೇನೆ. ನೋಡಬೇಕು ಅನ್ನುವವರು ಶಾಲೆ ಬಿಟ್ಟ ಮೇಲೆ ಇಬ್ಬರು ಇಬ್ಬರಾಗಿ ಬನ್ನಿ. ಎಮ್ಮೆಯ ಹಿಂದಿನಿಂದ ಮಾತ್ರ ಬರಬೇಡಿ, ಅದು ಒದೆಯುತ್ತದೆ.

ಇಂತಿ ನಿಮ್ಮ ಗೆಳತಿ,
7ನೇ ತರಗತಿ